ಟೂ ಟೆನ್ ಬಳೆಯ ಜಹನಾರಾ

ದುಂಡಗಿರುವ ಯಾವುದನ್ನೇ ಕೊಡಿ, ಅಳೆದು ಬಿಸಾಕುತ್ತೇನೆ. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಲೇತ್ ನಡೆಸಿದವನು. ಚಂದ್ರನಿಗೊಂದು ವಾಷರ್ ಬೇಕೆಂದರೂ ಕೂದಲೆಳೆ ತಪ್ಪದಂತೆ ಕಡೆದುಕೊಟ್ಟೇನು. ಈ ಮಾತನ್ನು ಶಿವಾಜಿನಗರದ ಜಹನಾರಾಗೆ ಮಾತ್ರ ಹೇಳಬೇಡಿ.

ಜಹನಾರಾ ನಲವತ್ತು ವರ್ಷದಿಂದ ಗಾಜಿನ ಬಳೆ ಮಾರುವವರು. ಅವರ ಅಂಗಡಿ ತೆರೆದರೆ ಅಂಗಡಿ, ಮುಚ್ಚಿದರೆ ಬೀರು. ಒಮ್ಮೆ ಗದರಿದರೆ ಅಲ್ಲಿನ ಪಾರಿವಾಳಗಳು ಹಲಸೂರು ಕೆರೆಯಲ್ಲೇ ಹೋಗಿ ಇಳಿಯುತ್ತವೆ. ಬಸುರಿಯರ ಕೈಯಲ್ಲಿ ಅವರ ಬಳೆ ಒಂದೂ ಒಡೆದಿಲ್ಲ ಎಂಬ ಹೆಸರೇ ಅವರ ಆಸ್ತಿ.

ಮಗಳು ತನ್ಮಯಿಯ ಸೀಮಂತಕ್ಕೆ ಬಳೆ ಬೇಕಿತ್ತು. ಅವಳ ಗೆಣ್ಣುಗಳ ಸುತ್ತ ದಾರ ಸುತ್ತಿ ಅಳೆದೆ: ಎಂಟೂಕಾಲು ಇಂಚು. ಸುತ್ತಳತೆಯನ್ನು ಪೈಯಿಂದ, ಅಂದರೆ ೩.೧೪ರಿಂದ ಭಾಗಿಸಿದರೆ ವ್ಯಾಸ. ಬಂದದ್ದು ೨.೬ ಚಿಲ್ಲರೆ. ದಾರ ಹಿಡಿದು ಜಹನಾರಾ ಅಂಗಡಿಗೆ ಹೋದರೆ ಬಳೆ ಡಬ್ಬಿಯ ಮೇಲೂ ೨.೬ ಎಂದೇ ಇತ್ತು!

"ಟೂ ಸಿಕ್ಸ್ ಕೊಡಿ," ಎಂದೆ.

ಜಹನಾರಾ ದಾರ ನೋಡಿದರು. "ಈ ಕೈಗೆ ಟೂ ಟೆನ್ ಬೇಕು, ಸಾರ್. ಹುಡುಗೀನ ಕರ್ಕೊಂಡ್ಬನ್ನಿ, ನಾನೇ ತೊಡಿಸ್ತೀನಿ."

"ಏನಮ್ಮಾ, ೨.೧೦ ಅಂದ್ರೆ ೨.೬ಕ್ಕಿಂತ ಚಿಕ್ಕದು! ಸ್ಕೂಲ್ ಮಕ್ಕಳಿಗೂ ಗೊತ್ತು. ಇದು ಪೈ ಲೆಕ್ಕ. ಪೈಗೆ ಕೊನೇನೇ ಇಲ್ಲ, ಗೊತ್ತಾ?"

"ತಗೊಂಡ್ಹೋಗಿ," ಎಂದು ಡಬ್ಬಿ ಕುಕ್ಕಿದರು.

ಮನೆಯಲ್ಲಿ ಮೊದಲ ಬಳೆ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು. ಒತ್ತಿದೆ. ಚಟ್ಟನೆ ಒಡೆದು ರಕ್ತ ಬಂತು. ಸೀಮಂತದ ಬಳೆ ಒಡೆಯುವುದೆಂದರೇನು ಎಂದು ಹೆಂಡತಿ ಅಳತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. ಮಗಳನ್ನು ಆಟೋ ಹತ್ತಿಸಿಕೊಂಡು ಹೋಗಿ ಅಂಗಡಿ ಮುಂದೆ ನಿಂತು ಕೂಗಿದೆ: "ಕಳಪೆ ಬಳೆ! ಸುಳ್ಳು ಅಳತೆ!"

ಬಳೆ ಆರಿಸುತ್ತಿದ್ದ ಇಬ್ಬರು ಹೆಂಗಸರು ಕೈಲಿದ್ದದ್ದನ್ನು ಅಲ್ಲೇ ಇಟ್ಟು ಹೊರಟುಹೋದರು.

ಜಹನಾರಾ ಎದ್ದು ನಿಂತರು. "ಟೇಪ್ ತೆಗೀರಿ! ಇಂಚಿಗೆ ಎಷ್ಟು ಗೆರೆ?"

"ಹದಿನಾರು."

"ಟೂ ಟೆನ್ ಅಂದ್ರೆ ಎರಡಿಂಚು, ಮೇಲೆ ಹತ್ತು ಗೆರೆ. ಟೂ ಸಿಕ್ಸ್‌ಗೆ ಆರೇ ಗೆರೆ. ಡಬ್ಬಿ ಮೇಲೆ ಯಾವನೋ ಚುಕ್ಕೆ ಇಟ್ಟ ಅಂತ ನನ್ನ ನಲವತ್ತು ವರ್ಷಕ್ಕೆ ಮಸಿ ಬಳೀತೀರಾ? ಇಷ್ಟು ವರ್ಷ ಫ್ಯಾಕ್ಟ್ರೀಲಿ ಟೇಪಲ್ಲಿ ಬೆನ್ನು ಕೆರ್ಕೊಂಡ್ರಾ?"

ಹತ್ತನ್ನು ಹದಿನಾರರಿಂದ ಭಾಗಿಸಿದೆ. ೦.೬೨೫. ಎರಡಿಂಚು ಸೇರಿಸಿದರೆ ನನ್ನದೇ ೨.೬ ಚಿಲ್ಲರೆ. ಪೈ ಸರಿಯಾಗಿಯೇ ಇತ್ತು. ತಪ್ಪಿದ್ದು ನಾನು.

"ಬಾ ಬೇಟಿ," ಎಂದು ಅವರು ತನ್ಮಯಿಯ ಕೈಯನ್ನು ಹೂವಿನಂತೆ ಒತ್ತಿ ಟೂ ಟೆನ್ ಬಳೆ ಏರಿಸಿದರು. ಎಣ್ಣೆ ಹಚ್ಚಿದಂತೆ ಜಾರಿ ಕೂತವು.

ನಾನು ಮೆಲ್ಲಗೆ, "ಅಲ್ಲಾ, ಈ ಪೈಗೆ ಕೊನೆ ಇಲ್ವಲ್ಲ, ಅದಕ್ಕೇ ಒಂಚೂರು..." ಎಂದೆ.

ಜಹನಾರಾ ತಲೆಯೆತ್ತಲಿಲ್ಲ. "ಕೊನೆ ಇಲ್ದೇ ಇರೋದು ನಿಮ್ಮ ಬಾಯಿಗೆ, ಸಾರ್. ಆಗ ಕೂಗಿದಷ್ಟೇ ಜೋರಾಗಿ ಈಗ್ಲೂ ಕೂಗಿ, ತಪ್ಪು ಯಾರ್ದು ಅಂತ. ಆ ಹೆಂಗಸ್ರು ಇನ್ನೂ ಬಸ್ ಸ್ಟ್ಯಾಂಡ್ ಮುಟ್ಟಿಲ್ಲ."