ಕನ್ನಡಕವಿಲ್ಲದ ಭಾನುವಾರ

ಕುಂದಾಪುರದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಹೊಟ್ಟೆ ಹೊರೆಯುವವನು ನಾನು. ಹಾಗಿದ್ದೂ, ಕನ್ನಡಕ ಯಾರೂ ಹಾಕಬಾರದು ಎಂಬ ಕಾನೂನೊಂದನ್ನು ನನ್ನ ಬಾಯಿಂದಲೇ ಹೊರಡಿಸಿದೆ. ಸುದ್ದಿ ಕೇಳಿದ ನನ್ನ ಹೆಂಡತಿ, "ಮೀನ್ ಮಾರುವವ್ರ್ ಬಂದ್ ಏಕಾದಶಿ ಮಾಡಿ ಅಂಬುದುಂಟಾ?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳುವ ಹಾಗೆ ಆಗ ಇರಲಿಲ್ಲ. ಈಗ ಹೇಳಬಹುದು ಎನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದೊಂದು ನಾಲ್ಕು ಜನರ ಕೂಟ. ಓದುವವರದ್ದು, ಅಷ್ಟಿಷ್ಟು ಬರೆಯುವವರದ್ದು. ಅದಕ್ಕೆ ಹೆಸರಿಟ್ಟಿಲ್ಲ. ಹೆಸರಿಟ್ಟರೆ ಅಧ್ಯಕ್ಷರು ಬೇಕಾಗುತ್ತಾರೆ, ಅಧ್ಯಕ್ಷರು ಬಂದರೆ ಭಾಷಣ ಬರುತ್ತದೆ. ಹೆಮ್ಮಾಡಿಯ ಲತಾ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಬ್ರಹ್ಮಾವರದ ವಾಸುದೇವನಿಗೆ ತೆಂಗಿನಕಾಯಿ ವ್ಯಾಪಾರ. ವ್ಯಾಪಾರದ ನಡುವೆ ಕತೆ ಬರೆಯುತ್ತಾನೆ. ಸಾಲಿಗ್ರಾಮದ ಶ್ರೀಧರ ಅಂಚೆಯಲ್ಲಿದ್ದು ನಿವೃತ್ತನಾದವನು, ನಮ್ಮೆಲ್ಲರಿಗಿಂತ ಹೆಚ್ಚು ಓದಿದವನು. ನಾಲ್ಕನೆಯವನು ನಾನು, ಆರಂಭಿಸಿದ ಪ್ರಬಂಧವನ್ನು ಮುಗಿಸಲು ಬಾರದವನು. ಶನಿವಾರ ಮಧ್ಯಾಹ್ನ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ.

ಇಷ್ಟೇ ಆಗಿದ್ದರೆ ಊರವರು ನಮ್ಮನ್ನು ಸಭ್ಯರು ಎಂದುಕೊಂಡಿರುತ್ತಿದ್ದರು. ಆದರೆ ಶ್ರೀಧರ ಒಂದು ಕಾದಂಬರಿ ಬರೆಯುತ್ತಿದ್ದ. ಸಾವಿರ ವರ್ಷದ ಹಿಂದೆ ಈ ಕರಾವಳಿಯನ್ನು ಆಳಿದ ಆಳುಪರ ಕಾಲದ ಬಾರ್ಕೂರಿನ ಮೆಣಸಿನ ವ್ಯಾಪಾರಿಯ ಕತೆ. ವ್ಯಾಪಾರಿ ಮೊದಲನೆಯ ಅಧ್ಯಾಯದಲ್ಲಿ ದೋಣಿ ಹತ್ತಿದವನು ಎರಡನೆಯದರಲ್ಲಿ ಇಳಿಯಬೇಕು. ಪಂಚೆ ಒದ್ದೆಯಾಗದೆ, ಗಂಟು ನೀರಿಗೆ ಬೀಳದೆ ಮನುಷ್ಯ ದೋಣಿಯಿಂದ ಹೇಗೆ ಇಳಿಯುತ್ತಾನೆ ಎಂಬುದು ಶ್ರೀಧರನಿಗೆ ಬಗೆಹರಿಯಲಿಲ್ಲ. "ಇಳ್ದ್ ಕಾಣ್ದೆ ಬರಿಯೂಕಾತಿಲ್ಲ" ಎಂದ. ಬಾರ್ಕೂರಿನ ಹೊಳೆಯ ಬದಿಯಲ್ಲಿ ವಾಸುದೇವನಿಗೊಂದು ತೋಟವಿದೆ. ಅಲ್ಲಿ ಹೋಗಿ ನಾವು ನಾಲ್ವರೂ ಪಂಚೆ ಸೀರೆ ಕಟ್ಟಿ, ತಲೆಯ ಮೇಲೆ ಗಂಟು ಹೊತ್ತು ದೋಣಿಯಿಂದ ಇಳಿದೆವು. ಇಳಿದೆವು ಎನ್ನುವುದಕ್ಕಿಂತ ಬಿದ್ದೆವು ಎನ್ನುವುದೇ ಸರಿ. ಅಂದಿನಿಂದ ಆಗಾಗ ಒಂದು ಭಾನುವಾರ ನಾವು ಆಳುಪರ ಕಾಲಕ್ಕೆ ಹೋಗಿಬರುವ ರೂಢಿಯಾಯಿತು.

ಹಿಂದಿನ ಕಾಲಕ್ಕೆ ಹೋಗುವುದು ಸುಲಭವಲ್ಲ. ಗಡಿ ಕಾಯುವವಳು ಲತಾ. ಗಡಿಯಾರ, ಮೊಬೈಲು, ಪ್ಲಾಸ್ಟಿಕ್ಕು ಎಲ್ಲ ತೋಟದ ಬಾಗಿಲಲ್ಲಿ ಬುಟ್ಟಿಗೆ ಹೋಗಬೇಕು. ಚಹಾ ಇಲ್ಲ. ಬಟಾಟೆ, ಟೊಮೆಟೊ ಇಲ್ಲ. ಎಲ್ಲಕ್ಕಿಂತ ದೊಡ್ಡ ಶಿಕ್ಷೆ, ಒಣಮೆಣಸು ಇಲ್ಲ. ಅದು ಫರಂಗಿಯವರ ಹಡಗಿನಲ್ಲಿ ಬಂದದ್ದು, ಆಳುಪರು ಕಂಡದ್ದಲ್ಲ. ಕೆಂಪು ಬಣ್ಣವಿಲ್ಲದ ಸಾರನ್ನು ಕುಂದಾಪುರದವರು ಸಾರು ಎಂದು ಒಪ್ಪುವುದಿಲ್ಲ. ಕಾಳುಮೆಣಸು ಅರೆದು ಮಾಡಿದ ಆ ಬೂದುಬಣ್ಣದ ಪದಾರ್ಥವನ್ನು ಕಣ್ಣು ಮುಚ್ಚಿ ಉಂಡು, ಹೊಟ್ಟೆಯೊಳಗೆ ಇತಿಹಾಸ ಉರಿಯುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ನಮ್ಮ ಊರಿನದೇ ಆದ ಇನ್ನೊಂದು ತೊಂದರೆ ಇದೆ. ಇಲ್ಲಿ ಹುಟ್ಟಿದವನ ತಲೆಗೆ ಮುಂಡಾಸು ಕಟ್ಟಿದರೆ ಅವನು ಆಳುಪರ ಕಾಲಕ್ಕೆ ಹೋಗುವುದಿಲ್ಲ, ನೇರ ಯಕ್ಷಗಾನಕ್ಕೆ ಹೋಗುತ್ತಾನೆ. ವಾಸುದೇವ ನಮ್ಮ ಆಟದಲ್ಲಿ ಬರೀ ಕಾವಲುಗಾರ. ಬಾಗಿಲಲ್ಲಿ ಸುಮ್ಮನೆ ನಿಲ್ಲುವುದು ಅವನ ಕೆಲಸ. ಮುಂಡಾಸು ಏರಿದ್ದೇ ತಡ, ಎದೆ ಮುಂದೆ ಬರುತ್ತದೆ, ಸ್ವರ ಹೊಟ್ಟೆಯಿಂದ ಏಳುತ್ತದೆ, ಬಂದವರನ್ನೆಲ್ಲ "ಬಲ್ಲಿರೇನಯ್ಯಾ" ಎಂದು ಕೇಳಲು ತೊಡಗುತ್ತಾನೆ. "ಹ್ವಾಯ್, ನೀನ್ ಕಾವಲಿನವ, ಕೌರವ ಅಲ್ಲ" ಎಂದು ಶ್ರೀಧರ ಗದರಿಸಿದರೆ ಎರಡು ನಿಮಿಷ ಸರಿಯಿರುತ್ತಾನೆ. ಬಯ್ಯಲು ಹೋಗುವ ನನ್ನ ಕಾಲೂ ಅಷ್ಟರಲ್ಲಿ ತಾಳ ಹಾಕುತ್ತಿರುತ್ತದೆ.

ಇದೇ ಕಾರಣಕ್ಕೆ ನಮ್ಮ ಶನಿವಾರಗಳಲ್ಲಿ ಗಟ್ಟಿಯಾಗಿ ಓದುವುದು ನಿಷಿದ್ಧವಾಗಿತ್ತು. ವಾಸುದೇವನ ಸ್ವರದಲ್ಲಿ ತೆಂಗಿನಕಾಯಿಯ ಬಿಲ್ಲು ಕೂಡ ಮಹಾಕಾವ್ಯದಂತೆ ಕೇಳುತ್ತದೆ. ಬರಹ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಶ್ರೀಧರನೇ ಮಾಡಿದ ನಿಯಮ ಅದು. ಬರೆದ ಹಾಳೆ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರೂ ಮನಸ್ಸಿನಲ್ಲೇ ಓದುತ್ತಾರೆ, ಕೊನೆಗೆ ಶ್ರೀಧರ ಬಾಯಿ ತೆರೆಯುತ್ತಾನೆ. ಅವನು ಬಾಯಿ ತೆರೆಯುವುದೆಂದರೆ ನಮಗೆಲ್ಲ ಹಲ್ಲಿನ ಡಾಕ್ಟರ ಮುಂದೆ ಕುಳಿತ ಹಾಗೆ. ನನ್ನ ಒಂದು ಪ್ರಬಂಧವನ್ನು ಓದಿ, "ಇದ್ರಲ್ಲ್ ನೀನೊಬ್ಬನೇ ನಗಾಡಿದ್ದ್" ಎಂದಿದ್ದ. ಆ ವಾರ ನಾನು ಊಟ ಸರಿಯಾಗಿ ಮಾಡಲಿಲ್ಲ. ಆದರೆ ಅವನು ಹೊಡೆದು ಹಾಕಿದ ಸಾಲುಗಳನ್ನು ಇಂದಿಗೂ ಮತ್ತೆ ಬರೆದಿಲ್ಲ. ನಮ್ಮನ್ನು ಅಷ್ಟು ಗಮನವಿಟ್ಟು ಓದಿದವರು ಲೋಕದಲ್ಲಿ ಇನ್ನೊಬ್ಬರಿಲ್ಲ.

ಅಂಥ ಶ್ರೀಧರ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಳ್ಳೆಯವನಾಗಿಬಿಟ್ಟ. ಹಾಳೆ ಅವನ ಕೈಗೆ ಹೋಗುತ್ತಿತ್ತು, ಉಳಿದವರಷ್ಟೇ ಹೊತ್ತು ಹಿಡಿದುಕೊಳ್ಳುತ್ತಿದ್ದ, "ಚಂದ ಇತ್ತ್" ಎಂದು ದಾಟಿಸುತ್ತಿದ್ದ. ಲತಾಳದ್ದೂ ಚಂದ, ನನ್ನದೂ ಚಂದ, ವಾಸುದೇವನದಂತೂ "ತುಂಬ ಚಂದ." ನಾವು ಏನು ತಿಳಿದುಕೊಂಡೆವು ಹೇಳಿ? ನಮ್ಮ ಬರವಣಿಗೆ ಸುಧಾರಿಸಿದೆ ಎಂದು ತಿಳಿದುಕೊಂಡೆವು. ಬರೆಯುವವರಿಗೆ ಬೇರೆ ಕಾರಣ ಹೊಳೆಯುವುದಿಲ್ಲ. ವಾಸುದೇವ ಹುರುಪಿನಲ್ಲಿ ಕೊಯ್ಲಿನ ಲೆಕ್ಕ ಮರೆತು ವಾರಕ್ಕೊಂದು ಕತೆ ಬರೆಯತೊಡಗಿದ.

ಒಂದು ಬುಧವಾರ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಶ್ರೀಧರ ಬಂದ. "ಇನ್ನೂ ಜೋರಿನ ಗಾಜ್ ಇತ್ತಾ?" ಎಂದು ಕೇಳಿದ. ಒಂದರ ಮೇಲೊಂದು ಗಾಜು ಬದಲಿಸಿ ತೋರಿಸಿದೆ. ಗೋಡೆಯ ಮೇಲಿನ ದೊಡ್ಡ ಅಕ್ಷರವನ್ನು ಅವನು ತಲೆ ಓರೆ ಮಾಡಿ, ಕದ್ದು ನೋಡುವವನಂತೆ ನೋಡುತ್ತಿದ್ದ. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಪೊರೆಯಲ್ಲ, ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದುಹೋಗುವ ರೋಗ.

"ಡಾಕ್ಟ್ರ್ ಇಂಜೆಕ್ಷನ್ ಕೊಡ್ತಾ ಇದ್ರ್. ಇದ್ದದ್ದ್ ಉಳ್ಸುಕೆ ಅಂಬ್ರ್, ಹೋದದ್ದ್ ಬಪ್ಪುದಲ್ಲ" ಎಂದ. "ಸುತ್ತ ಎಲ್ಲ ಕಾಂತ್. ನಡುವೆ ಮಸಿ. ಈಗ ನಿನ್ ಮುಖ ಒಂದ್ ಬಿಟ್ರೆ ನಿನ್ ಅಂಗಡಿ ಪೂರ ಕಾಂತ್."

"ನಷ್ಟ ಎಂತದೂ ಇಲ್ಲ ಬಿಡು" ಎಂದೆ. ನಗಬೇಕೆಂದೇ ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಮೊಬೈಲು ಓದಿ ಹೇಳುತ್ತದಲ್ಲ ಎಂದು ಕೇಳಿದರೆ, ಅದು ಸತ್ತವರ ಸುದ್ದಿಯನ್ನೂ ಮದುವೆಯ ಸುದ್ದಿಯನ್ನೂ ಒಂದೇ ಸ್ವರದಲ್ಲಿ ಹೇಳುತ್ತದೆ ಎಂದ. ಏಳುವಾಗ ಅಸಲು ಮಾತು ತೆಗೆದ. "ಬಾರ್ಕೂರಿಗ್ ಈ ಸಲ ಬತ್ತೆ. ಆಮೇಲೆ ಶನಿವಾರಕ್ಕೂ ಬತ್ತಿಲ್ಲ. ಕಾರಣ ನೀನ್ ಯಾರಿಗೂ ಹೇಳೂಕಾಗ. ಗೊತ್ತಾರೆ ಪಾಪ ಅಂಬುಕೆ ಶುರು ಮಾಡ್ತ್ರ್. ನಾನ್ ಬೈದ್ರೆ ತಿರ್ಗಿ ಯಾರೂ ಬೈತಿಲ್ಲ. ಅದ್ ನಂಗ್ ಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟಮೇಲೆ ಎರಡು ರಾತ್ರಿ ನಿದ್ರೆ ಬರಲಿಲ್ಲ. ಊರಿಗೆಲ್ಲ ಕಣ್ಣು ಕೊಡುತ್ತೇನೆಂದು ಬೋರ್ಡು ಹಾಕಿಕೊಂಡವನಿಗೆ ಸ್ವಂತ ಗೆಳೆಯನಿಗೆ ಕೊಡಲು ಒಂದು ಗಾಜು ಇರಲಿಲ್ಲ. ಅವನಿಲ್ಲದ ಶನಿವಾರ ಹೇಗಿರುತ್ತದೆ ಎಂದು ಊಹಿಸಿದರೆ ಭಯವಾಗುತ್ತಿತ್ತು. ಒಬ್ಬರನ್ನೊಬ್ಬರು ಹೊಗಳುವ ಮೂವರು ಉಳಿಯುತ್ತೇವೆ. ಇಂಥ ಕೂಟಗಳನ್ನು ನಾನು ನೋಡಿದ್ದೇನೆ, ಅವು ಬೇಗ ಸನ್ಮಾನಕ್ಕೆ ಇಳಿಯುತ್ತವೆ.

ಯೋಚಿಸುತ್ತ ಯೋಚಿಸುತ್ತ ಒಂದು ವಿಷಯ ಹೊಳೆಯಿತು. ನಾವು ಆಡಿ ಬರುವ ಆ ಕಾಲದಲ್ಲಿ ಮನಸ್ಸಿನಲ್ಲೇ ಓದುವ ಚಾಳಿ ಯಾರಿಗಿತ್ತು? ತಾಳೆಗರಿಯ ಕಟ್ಟು ಊರಿಗೊಂದೋ ಎರಡೋ. ಓದಬಲ್ಲವನೊಬ್ಬ ಓದುತ್ತಿದ್ದ, ಜಗಲಿ ತುಂಬ ಜನ ಕೇಳುತ್ತಿದ್ದರು. ಕೇಳಿದವರಲ್ಲಿ ಎಷ್ಟು ಜನಕ್ಕೆ ಕಣ್ಣು ಸರಿಯಿತ್ತೆಂದು ಯಾರೂ ಪರೀಕ್ಷೆ ಮಾಡಿರಲಾರರು. ಒಬ್ಬೊಬ್ಬರೇ ಗೋಡೆಗೆ ಮುಖ ಮಾಡಿ ಉಣ್ಣುವ ಹಾಗೆ ಒಬ್ಬೊಬ್ಬರೇ ಓದುವುದು ತೀರ ಈಚಿನದು.

ಬಾರ್ಕೂರಿಗೆ ಹೊರಡುವ ಎರಡು ದಿನ ಮುಂಚೆ ಎಲ್ಲರಿಗೂ ಫೋನು ಮಾಡಿ, ಈ ಸಲ ಕನ್ನಡಕವೂ ಬುಟ್ಟಿಗೆ ಎಂದು ಹೇಳಿದೆ. ಮೆಣಸಿನಕಾಯಿ ತಂದ ಹಡಗಿನವರೇ ಅದನ್ನೂ ತಂದಿರಬೇಕು ಎಂದು ವಾದಿಸಿದೆ. ಆಧಾರ ನನ್ನಲ್ಲಿರಲಿಲ್ಲ, ಸ್ವರದಲ್ಲಿ ಮಾತ್ರ ಇತ್ತು. ಲತಾ ಒಪ್ಪಿದಳು. ವಾಸುದೇವ, "ನಿಂಗೆ ಅಂಗಡಿ ಬಾಗಿಲ್ ಹಾಕುಕಿತ್ತಾ?" ಎಂದು ಕೇಳಿ ತಾನೂ ಒಪ್ಪಿದ. ಶ್ರೀಧರ ಮಾತ್ರ "ಅಡ್ಡಿಲ್ಲ" ಎಂದು ಫೋನಿಟ್ಟ.

ಆ ಭಾನುವಾರ ತೋಟದಲ್ಲಿ ನಮ್ಮ ಅವಸ್ಥೆ ನೋಡಬೇಕಿತ್ತು. ಎಲ್ಲರೂ ಐವತ್ತು ದಾಟಿದವರು. ವಾಸುದೇವ ಉಪ್ಪೆಂದು ಅಕ್ಕಿಹಿಟ್ಟನ್ನು ಸಾರಿಗೆ ಸುರಿದ. ನಾನು ತೆಂಗಿನ ಮರವೊಂದಕ್ಕೆ ಬದಿಗೆ ಸರಿಯಲು ಹೇಳಿದೆ. ಶ್ರೀಧರ ಒಬ್ಬನೇ ಸಲೀಸಾಗಿ ಓಡಾಡುತ್ತಿದ್ದ; ಕೈಗೆ ಸಿಕ್ಕಿದ್ದನ್ನು ಮೂಸಿ, ಮುಟ್ಟಿ, ಇದು ಇಂಥದ್ದು ಎಂದು ಹೇಳುತ್ತಿದ್ದ. ಸಾರನ್ನು ಅವನು ರುಚಿ ನೋಡಿ, ಬಗ್ಗಡ ಎಂದು ತೀರ್ಪು ಕೊಟ್ಟ. ಆದರೂ ಉಂಡೆವು.

ಉಂಡಮೇಲೆ ಹಾಳೆಗಳು ಹೊರಗೆ ಬರುವುದು ವಾಡಿಕೆ. ಕಾಗದ ಆಳುಪರ ಕಾಲದ್ದಲ್ಲವಾದರೂ ತಾಳೆಗರಿ ಎಂದು ತಿಳಿದುಕೊಳ್ಳುವಂತೆ ಲತಾ ಎಂದೋ ವಿನಾಯಿತಿ ಕೊಟ್ಟಿದ್ದಳು. ವಾಸುದೇವನ ಹೊಸ ಕತೆ ನನ್ನ ಕೈಗೆ ಬಂತು. ನನಗೆ ಕಂಡದ್ದು ಇರುವೆಯ ಸಾಲು. ಬರೆದ ವಾಸುದೇವನಿಗೂ ಅಷ್ಟೇ. ಆದರೆ ಲತಾಳ ಕಣ್ಣಿನ ಲೆಕ್ಕ ನನಗೆ ಗೊತ್ತು, ಅವಳ ಕನ್ನಡಕ ಮಾಡಿಕೊಟ್ಟವನೇ ನಾನು. ದೂರದ್ದು ಅವಳಿಗೆ ಕಾಣದು, ಮೂಗಿನ ಬುಡದ್ದು ಕನ್ನಡಕವಿಲ್ಲದೆಯೂ ಚೆನ್ನಾಗಿ ಕಾಣುತ್ತದೆ. "ನೀನೇ ಓದು ಲತಾ, ಎಲ್ಲರೂ ಕೇಳುವ" ಎಂದೆ.

ಲತಾ ಹಾಜರಿ ಕರೆಯುವ ಸ್ವರದಲ್ಲಿ ಓದಿದಳು. ಏರಿಲ್ಲ, ಇಳಿತವಿಲ್ಲ. ಶ್ರೀಧರ ಮರಕ್ಕೆ ಒರಗಿ, ಮೊಣಕಾಲು ಕಟ್ಟಿಕೊಂಡು ಕೇಳಿದ. ಎರಡನೆಯ ಹಾಳೆಯಲ್ಲಿ ಅವನ ಹುಬ್ಬು ಗಂಟಾಯಿತು. ಮೂರನೆಯದರಲ್ಲೂ ಕತೆಯ ಹೆಂಗಸಿನ ಅಳು ನಿಲ್ಲದಿದ್ದಾಗ ಕಾಲಿನ ಹೆಬ್ಬೆರಳು ಅಲುಗತೊಡಗಿತು. ಬಯ್ಯುವ ಮುಂಚೆ ಅಲುಗುವ ಆ ಹೆಬ್ಬೆರಳನ್ನು ನಾನು ಎಷ್ಟೋ ದಿನದಿಂದ ಕಂಡಿರಲಿಲ್ಲ.

"ನಿಲ್ಸ್" ಎಂದ ಶ್ರೀಧರ. "ಆ ಹೆಂಗ್ಸ್ ಬಾವಿ ಕಟ್ಟೆ ಮೇಲ್ ಕೂತ್ಕಂಡ್ ಎಷ್ಟೊತ್ತ್ ಮರ್ಕುದ್? ಅವ್ಳಿಗ್ ಮನೀಲ್ ಕೆಲ್ಸ ಇಲ್ಯಾ? ವಾಸುದೇವ, ಅವ್ಳ್ ಮರ್ಕುದಲ್ಲ ಇದ್, ನೀನ್ ಮರ್ಕುಸುದ್. ಮೊದ್ಲಿನ್ ಎರ್ಡ್ ಹಾಳಿ ಒಲಿಗ್ ಹಾಕ್."

ನನಗೆ ಎದ್ದು ಕುಣಿಯಬೇಕೆನಿಸಿತು. ವಾಸುದೇವನಿಗೆ ಮಾತ್ರ ಮುಖ ಸಣ್ಣದಾಯಿತು. ಅವನೂ ಬಿಡುವ ಆಸಾಮಿಯಲ್ಲ.

"ಇಷ್ಟ್ ದಿನ ತುಂಬ ಚಂದ ಇತ್ತ್ ಅಂದದ್ದ್ ನೀನೇ ಅಲ್ದಾ? ಇದೇ ಹೆಂಗ್ಸ್ ಹೋದ್ ವಾರದ್ ಕತಿಯಲ್ಲೂ ಮರ್ಕಿತ್ತಲೆ. ಅದ್ ಹ್ಯಾಂಗ್ ಚಂದ ಆಯ್ತ್?"

ಶ್ರೀಧರ ಪಂಚೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದ. ಒಳ್ಳೆಯ ಸುಳ್ಳು ಹುಡುಕುತ್ತಿದ್ದಾನೆ ಎಂದು ನನಗೆ ತಿಳಿಯಿತು. ಆದರೆ ಆ ಕತೆ ಚಂದವಿತ್ತು ಎಂದು ಇನ್ನೊಮ್ಮೆ ಹೇಳುವುದು ಅವನ ಕೈಲಿ ಆಗಲಿಲ್ಲ. ಅವನ ಅಭಿರುಚಿ ಅವನ ಗುಟ್ಟಿಗಿಂತ ದೊಡ್ಡದಾಗಿತ್ತು.

"ಅದ್ ನಾನ್ ಓದಿರ್ಲಿಲ್ಲ" ಎಂದ. "ಮಳೆಗಾಲದಿಂದ ಯಾರ್ದೂ ಓದಿಲ್ಲ. ಅಕ್ಷರ ಕಾಂತಿಲ್ಲ ನಂಗೆ. ಇನ್ ಕಾಂಬುದೂ ಇಲ್ಲ."

ಲತಾ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅವನ ಕಡೆ ನೋಡಿದಳು; ಕಂಡಿತೋ ಇಲ್ಲವೋ, ಕಣ್ಣು ಮಾತ್ರ ತುಂಬಿತ್ತು. ಪಾಪ ಎನ್ನುವ ಮಾತು ಈಗ ಬರುತ್ತದೆ, ಬಂದರೆ ಎಲ್ಲ ಮುಗಿಯಿತು ಎಂದು ನಾನು ಹಲ್ಲು ಕಚ್ಚಿ ಕುಳಿತೆ.

ಮೊದಲು ಮಾತನಾಡಿದವನು ವಾಸುದೇವ. ಅವನ ಸ್ವರದಲ್ಲಿ ಕೌರವನೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. "ಹಂಗಾರೆ ಮಳೆಗಾಲದಿಂದ ಬರ್ದದ್ ಎಲ್ಲ ಮನೀಲಿತ್ತ್" ಎಂದ. "ಶನಿವಾರ ತತ್ತೆ. ಒಂದೂ ಬಿಡ್ದೆ ಕೇಳ್ಕ್ ನೀನ್."

ಶ್ರೀಧರ ಅವನ ದಿಕ್ಕಿಗೆ ಮುಖ ತಿರುಗಿಸಿದ. "ದೇವ್ರೆ" ಎಂದ, "ಕಿವಿನೂ ಹೋಯ್ಲಿ."

ಲತಾ ಮೊದಲು ನಕ್ಕಳು, ಆಮೇಲೆ ಅತ್ತಳು. ನಾನು ಎರಡನ್ನೂ ಒಟ್ಟಿಗೆ ಮಾಡಿದೆ.

ಹೊರಡುವ ಹೊತ್ತಿಗೆ ಬುಟ್ಟಿಯಿಂದ ಕನ್ನಡಕ ತೆಗೆದು ಹಾಕಿಕೊಂಡೆವು. ತೋಟದಿಂದ ರಸ್ತೆಗೆ ಬರಲು ನೀರು ಹರಿಯುವ ತೋಡಿಗೆ ಅಡ್ಡಲಾಗಿ ಹಾಕಿದ ಒಂದು ಸಂಕ ದಾಟಬೇಕು, ತೆಂಗಿನ ಕಾಂಡವೆರಡನ್ನು ಜೋಡಿಸಿದ್ದು. ಬೆಳಿಗ್ಗೆ ಶ್ರೀಧರ ಎಲ್ಲರಿಗಿಂತ ಮೊದಲು ಬಂದು ಯಾರಿಗೂ ಕಾಣದ ಹಾಗೆ ಅದನ್ನು ದಾಟಿದ್ದನಂತೆ, ಕುಕ್ಕರಗಾಲಿನಲ್ಲಿ ಕೂತು, ಕೈಯೂರಿ, ಇಷ್ಟಿಷ್ಟೇ ಸರಿಯುತ್ತ. ಅದನ್ನು ಆಮೇಲೆ ಅವನೇ ಹೇಳಿದ. ಈಗ ಸಂಕದ ತುದಿಯಲ್ಲಿ ನಿಂತು, ಕಾಲ ಬಳಿ ಏನೂ ಕಾಣದ ಜಾಗವನ್ನು ಒಮ್ಮೆ ನೋಡಿ, ಯಾರ ಕಡೆಗೂ ತಿರುಗದೆ ಕೈ ಚಾಚಿದ.

ಮೂರು ಕೈಗಳು ಒಟ್ಟಿಗೆ ಹೋಗಿ ಅದನ್ನು ಹಿಡಿದವು.

"ಒಂದ್ ಸಾಕ್ ಮಾರಾಯ್ರೆ" ಎಂದ ಶ್ರೀಧರ, "ಸಂಕ ಮುರಿತ್."

ಯಾರೂ ಬಿಡಲಿಲ್ಲ. ಅಡ್ಡಡ್ಡ ಹೆಜ್ಜೆ ಇಡುತ್ತ, ಒಬ್ಬರನ್ನೊಬ್ಬರು ಬಯ್ಯುತ್ತ, ನಾಲ್ವರೂ ಒಟ್ಟಿಗೇ ದಾಟಿದೆವು.