ಕಂಪ್ಯೂಟರಿನ ತಾತನ ಮನೆಯ ಸೀರೆ

ತೆಲಂಗಾಣ ರಾಜ್ಯ ಬಂದ ಹೊಸತರಲ್ಲಿ ಗದ್ವಾಲಿನಲ್ಲಿ ಸಭೆಗಳಿಗೆ ಬರವಿರಲಿಲ್ಲ. ಒಂದು ಶಾಮಿಯಾನ ಬಿಚ್ಚುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಯಾರಿಗಾದರೂ ಶಾಲು ಹೊದಿಸಲೇಬೇಕು. ಯಾರಿಗೆ, ಯಾಕೆ ಅನ್ನುವುದು ಆಮೇಲಿನ ಮಾತು. ಹೀಗೆ ಹೆಗಲು ಹುಡುಕುತ್ತಿದ್ದವರ ಕೈಗೆ ಒಮ್ಮೆ ನಮ್ಮಪ್ಪ ಸಿಕ್ಕಿಬಿದ್ದ.

ಅಪ್ಪ ನೇಕಾರ. ರಾಯಚೂರು ಕಡೆಯಿಂದ ಬಂದ ಶೈವರ ಮನೆ ನಮ್ಮದು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನಡುಮನೆಯ ಮಗ್ಗದ ಮೇಲೆ ರಟ್ಟಿನ ಪಟ್ಟಿಗಳನ್ನು ದಾರದಲ್ಲಿ ಹೊಲಿದ ಒಂದು ಉದ್ದನೆಯ ಸರ ತೂಗುತ್ತಿತ್ತು. ಪ್ರತಿ ರಟ್ಟಿನಲ್ಲೂ ತೂತುಗಳು. ಕಾಲಲ್ಲಿ ಹಲಗೆ ಒತ್ತಿದಂತೆಲ್ಲ ಒಂದೊಂದು ರಟ್ಟು ಮುಂದೆ ಬರುವುದು, ತೂತು ಇದ್ದಲ್ಲಿನ ಎಳೆ ಮೇಲೇಳುವುದು, ಸೀರೆಯ ಅಂಚಿನಲ್ಲಿ ಹಂಸದ ಸಾಲು ಮೂಡುವುದು. ಈ ಹಂಸದಂಚು ನಮ್ಮಜ್ಜನ ಕಾಲದ್ದು. ಮನೆಯ ಹೆಣ್ಣುಮಕ್ಕಳು ಮದುವೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಇದೇ ಅಂಚಿನ ಸೀರೆ ಉಟ್ಟಿರಬೇಕು, ಅದನ್ನು ತಂದೆಯೇ ನೇಯ್ದಿರಬೇಕು. ನಾನು ಉಟ್ಟಿದ್ದೆ; ನನ್ನ ಗಂಡನ ಮನೆ ಅದೇ ಊರಿನ ಪಕ್ಕದ ಬೀದಿ. ಆ ವರ್ಷ ತಂಗಿಯ ಸರದಿ. ಮಕ್ತಲದಲ್ಲಿ ಗಂಡು ಗೊತ್ತಾಗಿತ್ತು, ಸೀರೆ ಅರ್ಧ ಆಗಿತ್ತು.

ಆಗ ಹೈದರಾಬಾದಿನಿಂದ ಒಬ್ಬ ಮಹಾಶಯ ಬಂದ. ಕಂಪ್ಯೂಟರನ್ನು ಕಂಡುಹಿಡಿದ ಹಿರಿಯರ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡುವುದು ಅವನ ಕೆಲಸ. ಯಾರೋ ತೋರಿಸಿದರೆಂದು ನಮ್ಮ ಮನೆಗೂ ಬಂದು, ರಟ್ಟಿನ ಸರ ನೋಡಿದವನೇ ಎರಡೂ ಕೈ ಮುಗಿದ. ಇಂಥ ತೂತಿನ ರಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಒಬ್ಬ ಲೆಕ್ಕ ಮಾಡುವ ಯಂತ್ರದ ಕನಸು ಕಂಡನಂತೆ. ಆ ಯಂತ್ರ ಹೇಗೆ ಲೆಕ್ಕ ಮಾಡಬೇಕೆಂದು ಒಬ್ಬ ದೊಡ್ಡ ಮನೆತನದ ಹೆಂಗಸು ಮೊದಲೇ ಬರೆದಿಟ್ಟಳಂತೆ. ಇದೆಲ್ಲ ನಿಜವೇ ಇರಬಹುದು, ನನ್ನ ತಕರಾರಿಲ್ಲ. ಆದರೆ ಅಲ್ಲಿಂದ ಅವನು ನೇರ ನಮ್ಮಪ್ಪನ ಮೇಲೆ ಹಾರಿದ.

"ಮೀರು ಕಂಪ್ಯೂಟರ್‌ಕೇ ತಾತ!" ಅಂದ, ನೀವು ಕಂಪ್ಯೂಟರಿಗೇ ತಾತ ಎಂದು.

ಅಪ್ಪನಿಗೆ ಅಷ್ಟು ಸಾಕಾಯಿತು. ಮೊಬೈಲಿನಲ್ಲಿ ಹೆಸರು ಹುಡುಕಲು ಬಾರದೆ ನನ್ನನ್ನು ಕೂಗುತ್ತಿದ್ದ ಮನುಷ್ಯ ರಾತ್ರೋರಾತ್ರಿ ಕಂಪ್ಯೂಟರಿನ ವಂಶದ ಹಿರಿಯನಾದ. ಸಭೆಯ ದಿನ ಬ್ಯಾನರಿನ ಮೇಲೆ ಕೋಟು ತೊಟ್ಟ ವಿದೇಶಿ ಮಹನೀಯರ ಸಾಲು. ಕೊನೆಯಲ್ಲಿ ರೇಷನ್ ಕಾರ್ಡಿಗೆ ತೆಗೆಸಿದ ಫೋಟೋದಲ್ಲಿ ಅರ್ಧ ಕಣ್ಣು ಮುಚ್ಚಿದ ನಮ್ಮಪ್ಪ. ಶಾಲು ಬಂತು, ಹಾರ ಬಂತು. ಉಟ್ಕೂರಿನಿಂದ ಬಂದಿದ್ದ ನಮ್ಮ ಸೋದರಮಾವ ಪಕ್ಕದವರಿಗೆ ನಮ್ಮನ್ನು ತೋರಿಸಿ, "ಕಂಪ್ಯೂಟರ್ ಇವರಪ್ಪಾರ ಮಾಡಿದ್ದಂತರಿ" ಎಂದು ಹೇಳುತ್ತಿದ್ದ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾರನೆಯ ದಿನ ಮಹಾಶಯ ಮತ್ತೆ ಬಂದ. ಹೈದರಾಬಾದಿನಲ್ಲಿ ಇದೇ ಹಿರಿಯರ ಬಗ್ಗೆ ಪ್ರದರ್ಶನವಂತೆ, ರಟ್ಟಿನ ಸರ ನಾಲ್ಕು ದಿನಕ್ಕೆ ಬೇಕಂತೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಮಗಳ ಸೀರಿ ಮಗ್ಗದ ಮ್ಯಾಲ ಐತಿ. ಅದು ಮುಗಿಯೋತನ ಕೊಡಾಕ ಆಗಂಗಿಲ್ರಿ."

"ನೀ ಸುಮ್ನಿರು. ಇಡೀ ರಾಜ್ಯ ನೋಡಾಕ ಬರತೈತಿ," ಅಂದ ಅಪ್ಪ.

ತನ್ನ ಕೈಯಾರೆ ಸರವನ್ನು ಮಗ್ಗದಿಂದ ಇಳಿಸಿ, ಮಡಿಚಿ, ವಿಭೂತಿ ಹಚ್ಚಿ ಮಹಾಶಯನ ಕಾರಿನಲ್ಲಿಟ್ಟ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ. ನನಗೆ ಗೊತ್ತು, ಹೋದವಳು ನಾನೇ.

ಇಲ್ಲಿ ನಮ್ಮ ಮನೆಯ ಇನ್ನೊಂದು ಜಾಣತನ ಹೇಳಬೇಕು. ಬೇರೆ ನೇಕಾರರು ರಟ್ಟುಗಳ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಬರೆದಿಟ್ಟುಕೊಳ್ಳುತ್ತಾರೆ. ನಾವು ಬರೆಯುವುದಿಲ್ಲ. ಬೀರಪ್ಪನ ಒಕ್ಕಲಿನ ಕುರುಬರು ಹಟ್ಟಿಯ ಕುರಿಗಳನ್ನು ಎಣಿಸಿ ಹೇಳುವುದಿಲ್ಲವಲ್ಲ, ಹಾಗೆ. ಎಣಿಸಿದರೆ ದೃಷ್ಟಿಯಾಗುತ್ತದೆಂದು ಅಜ್ಜ ಹೇಳಿದ್ದನಂತೆ. ಸರ ಒಮ್ಮೆ ಹೊಲಿದರೆ ಮುಗಿಯಿತು, ಬಿಚ್ಚುವವರು ಯಾರು ಎಂಬ ಧೈರ್ಯ. ಬಿಚ್ಚುವವರನ್ನು ಅಪ್ಪನೇ ಕಾರಿನವರೆಗೂ ಹೋಗಿ ಬೀಳ್ಕೊಟ್ಟ.

ನಾಲ್ಕು ದಿನಕ್ಕೆಂದು ಹೋದದ್ದು ಬರಲು ತಿಂಗಳ ಮೇಲಾಯಿತು. ಬಂದಾಗ ನೋಡಬೇಕಿತ್ತು ಅದರ ವೈಯಾರ! ಹಳೆಯ ದಾರವೆಲ್ಲ ಹೋಗಿ ಕೆಂಪು ಸ್ಯಾಟಿನ್ ರಿಬ್ಬನ್ನು ಬಂದಿತ್ತು. ಒಂದೊಂದೇ ರಟ್ಟನ್ನು ಗೋಡೆಗೆ ತೂಗುಹಾಕಿದರೆ ಚಂದ ಕಾಣುತ್ತದೆಂದು ದಾರ ಕತ್ತರಿಸಿದ್ದರು. ಪ್ರದರ್ಶನ ಮುಗಿದ ಮೇಲೆ ಕೈಗೆ ಸಿಕ್ಕಂತೆ ಪೋಣಿಸಿದ್ದರು. ಕಂಪ್ಯೂಟರಿನ ತಾತನೂ ಅದನ್ನು ನೋಡಿ, "ಎಷ್ಟು ಚಂದ ಮಾಡ್ಯಾರ" ಎಂದು ಹಿಗ್ಗುತ್ತ ಮಗ್ಗಕ್ಕೆ ಏರಿಸಿ ನೇಯತೊಡಗಿದ.

ಗೇಣುದ್ದ ನೇಯ್ದ ಮೇಲೆ ತಂಗಿ ಬಗ್ಗಿ ನೋಡಿದಳು. "ಅಪ್ಪಾ, ಇದೇನಿದು?" ಎಂದಳು. ಹಂಸದ ಕಾಲು ಕತ್ತಿನ ಮೇಲಿತ್ತು. ಕೊಕ್ಕು ಎಲ್ಲೋ ರೆಕ್ಕೆಯೊಳಗೆ ಹೋಗಿತ್ತು.

ಅಪ್ಪ ಮಹಾಶಯನಿಗೆ ಫೋನು ಮಾಡಿದ. ನಂಬರು ಒತ್ತಿಕೊಟ್ಟವಳು ನಾನೇ. ಆತ ಆ ಕಡೆ ನಕ್ಕ. ಆ ಕಾಲದ ದೊಡ್ಡ ದೊಡ್ಡವರಿಗೂ ಇಂಥ ತಪ್ಪುಗಳಾಗಿದ್ದವು, ಕಂಪ್ಯೂಟರಿನ ಇತಿಹಾಸವೇ ತಪ್ಪುಗಳ ಇತಿಹಾಸ, ಇದನ್ನು ಮುಂದಿನ ಭಾಷಣದಲ್ಲಿ ಹೇಳುತ್ತೇನೆ ಎಂದ. ಸೀರೆಯ ಬಗ್ಗೆ ಒಂದು ಮಾತಿಲ್ಲ. ಆ ನಗೆ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಗೇಣುದ್ದದ ಆ ವಿಕಾರವನ್ನು ಅಪ್ಪ ಎಳೆ ಎಳೆಯಾಗಿ ಬಿಚ್ಚಿದ. ರಟ್ಟುಗಳನ್ನೆಲ್ಲ ನೆಲದ ಮೇಲೆ ಹರವಿ ಅಪ್ಪ, ತಂಗಿ, ನಾನು ಮೂವರೂ ಕೂತು ಹೊಂದಿಸಿದೆವು. ಕತ್ತು ಸರಿಹೋದರೆ ರೆಕ್ಕೆ ಕೆಡುತ್ತಿತ್ತು, ರೆಕ್ಕೆ ಸರಿಹೋದರೆ ಕಾಲು. ರಟ್ಟಿಗೆ ತೂತು ಕೊರೆದುಕೊಡುವವನ ಬಳಿ ಹೋದೆವು. ನೇಯ್ದ ಬಟ್ಟೆ ನೋಡಿ ಹೊಸದಾಗಿ ಕೊರೆಯಬಹುದು, ಆದರೆ ಮದುವೆಯೊಳಗೆ ಆಗದ ಮಾತು ಎಂದ. ಅವ್ವ ಮಾತ್ರ ಬೈಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಎಷ್ಟೋ ವಾಸಿಯಿತ್ತು.

ಕೊನೆಗೆ ತಂಗಿಯೇ ಹೇಳಿದಳು: "ಉಳಿದದ್ದಕ್ಕ ಬರೀ ಕೆಂಪಂಚು ಹಾಕ್ರಿ. ಹಂಸ ಇಲ್ಲದ ಕಡೆ ನಿರಿಗ್ಯಾಗ ಸೇರಿಸಿ ಉಡತೀನಿ. ನೀವ ನೇಯ್ರಿ, ಅಷ್ಟ ಸಾಕು."

ಅಪ್ಪ ನೇಯ್ದ. ತಂಗಿ ಹೇಳಿದಂತೆಯೇ ಉಟ್ಟಳು. ಅಕ್ಕಿಕಾಳು ಬಿದ್ದ ಮೇಲೆ ಅವಳು ಅತ್ತೆಯ ಕಾಲಿಗೆ ಬಗ್ಗಿದಾಗ ನಿರಿಗೆ ಬಿಚ್ಚಿಕೊಂಡು ಬೋಳು ಅಂಚು ಹೊರಗೆ ಬಂತು. ಅತ್ತೆ ಅದನ್ನು ಬೆರಳಲ್ಲಿ ಹಿಡಿದು ನೋಡಿ, ಎದುರಿಗೆ ನಿಂತಿದ್ದ ಅಪ್ಪನನ್ನು ಸಹಜವಾಗಿಯೇ ಕೇಳಿದಳು.

"ನಿಮ್ಮ ಮಗ್ಗದ್ದು ಅಂತ ತಿಳಕೊಂಡಿದ್ವಿ. ಅಂಗಡಿಯಿಂದ ತಂದ್ರೇನ್ರಿ?"

ಅಷ್ಟು ದಿನ ಅಪ್ಪನನ್ನು ಮನಸ್ಸಿನಲ್ಲೇ ಹಂಗಿಸುತ್ತಿದ್ದ ನಾನು, ಈಗಲಾದರೂ 'ನಾನೇ ನೇಯ್ದದ್ದು' ಅನ್ನಪ್ಪ ಎಂದು ಒಳಗೇ ಬೇಡಿಕೊಂಡೆ.

ಅಪ್ಪ ಆ ಬೋಳು ಅಂಚನ್ನೇ ನೋಡುತ್ತ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹೌದ್ರಿ," ಅಂದ, "ಅಂಗಡೀದು."