ಖಾಲಿ ತೊಟ್ಟಿಲು ಇಡಬಾರ್ದ್ರಿ

ಮದುವೆ ಮಂಟಪಕ್ಕೆ ಹೂ ಕಟ್ಟುವ ನಮಗೆ ಹೊಸಪೇಟೆಯ ಒಂದು ಚರ್ಚಿನಲ್ಲಿ ಕ್ರಿಸ್‌ಮಸ್ ಅಲಂಕಾರದ ಕೆಲಸ ಸಿಕ್ಕಿತ್ತು. ಯೇಸು ಹುಟ್ಟಿದ ಕೊಟ್ಟಿಗೆಯಲ್ಲಿ ಮರಿಯಮ್ಮ, ದನ, ಕುರಿ ಎಲ್ಲ ಇದ್ದರು. ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ. ನಾನು ನಕ್ಷತ್ರ ಕಟ್ಟಿ ಏಣಿ ಇಳಿಯುವಷ್ಟರಲ್ಲಿ, ನಮ್ಮ ಹೂವಿನ ಹುಲಿಗೆಮ್ಮ ಚರ್ಚಿನ ಅಡುಗೆಮನೆಯಿಂದ ರುಬ್ಬುವ ಗುಂಡಕಲ್ಲು ತಂದು, ತನ್ನ ಚೀಲದಲ್ಲಿದ್ದ ಮೊಮ್ಮಗನ ಕುಲಾಯಿ ಟೋಪಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿಬಿಟ್ಟಿದ್ದಳು!

ಫಾದರ್ ಬಂದೇಬಿಟ್ಟರು. ಕೆಲಸ ಹೋಯಿತು ಅಂದುಕೊಂಡೆ.

"ಇದೇನಮ್ಮಾ? ಬಾಲಯೇಸು ಬರೋದು ಹಬ್ಬಕ್ಕ. ಖಾಲಿ ತೊಟ್ಟಿಲಂದ್ರ ನಾವು ಕಾಯಾಕತ್ತೀವಿ ಅಂತ ಅರ್ಥ."

"ಕಾಯ್ರಿ, ಬ್ಯಾಡ ಅಂದೋರ್ಯಾರು? ಆದ್ರ ಖಾಲಿ ತೊಟ್ಟಿಲು ಇಡಬಾರ್ದ್ರಿ. ಹೆಸರಿಡೋ ದಿನ ನಾವು ಮೊದಲು ಗುಂಡಕಲ್ಲ ಮಲಗಸ್ತೀವಿ, ಕೂಸು ಕಲ್ಲಿನಂಗ ಗಟ್ಟಿ ಇರ್ಲಿ ಅಂತ."

ಫಾದರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೊರಡುವಾಗ ತಿರುಗಿ ನೋಡಿದರೆ, ಅವರು ಕಲ್ಲಿನ ಕುಲಾಯಿ ಸರಿಮಾಡುತ್ತಿದ್ದರು. ಯೇಸುವಿನ ಕಡೆಗೆ ದಾರಿ ತೋರಬೇಕಿದ್ದ ನನ್ನ ನಕ್ಷತ್ರ ನೆಟ್ಟಗೆ ಗುಂಡಕಲ್ಲನ್ನೇ ತೋರಿಸುತ್ತಿತ್ತು.